ವಿಭೂತಿ ಹಚ್ಚಿದ ಗೋಡೆ

ನಮ್ಮ ಮಹಡಿಯ ಎರಡು ಕೋಣೆಗಳ ನಡುವಿನ ಗೋಡೆ ಒಡೆಸುವ ಮಾತು ಹುಟ್ಟಿದ್ದು ನನ್ನ ಬಾಯಿಯಿಂದಲೇ. ಇನ್ನೊಬ್ಬರನ್ನು ದೂರಿ ಪ್ರಯೋಜನವಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಹೇಳಿದ ನಾಲಗೆ ನಿವೃತ್ತಿಯಾದ ಮೇಲೂ ಸುಮ್ಮನಿರುವುದಿಲ್ಲ. ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಸಾಕು, ಎದುರಿಗೆ ತರಗತಿ ತುಂಬ ಮಕ್ಕಳಿದ್ದಾರೆ ಎಂದೇ ತಿಳಿದು ಶುರು ಹಚ್ಚಿಕೊಳ್ಳುತ್ತೇನೆ.

ಕೀಲ್ಪಾಕ್‌ನ ಒಂದು ಒಳಬೀದಿಯಲ್ಲಿ ನಮ್ಮ ಮನೆ. ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಕ್ಕೆಂದು ಈ ತಮಿಳು ಊರಿಗೆ ಬಂದ ಅಪ್ಪ ಮೊದಲು ಬಾಡಿಗೆಗೆ ಹಿಡಿದು, ಆಮೇಲೆ ಕೊಂಡ ಮನೆ ಅದು. ಅಪ್ಪ ತೀರಿಕೊಂಡು ಹತ್ತು ವರ್ಷವಾಯಿತು. ಕೆಳಗೆ ನಾನು ಮತ್ತು ಎಂಬತ್ತನಾಲ್ಕರ ಅವ್ವ. ಮೇಲೆ ಒಬ್ಬ ನರ್ಸಮ್ಮ, ಎಣ್ಣೂರಿನ ಕ್ರೈಸ್ತ ಮೀನುಗಾರರ ಮನೆಯ ಹೆಣ್ಣುಮಗಳು, ಒಂಟಿಯಾಗಿ ಬಾಡಿಗೆಗಿದ್ದಾಳೆ. ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು ಆಡಿ ಬಂದ ನಾನು ಅವ್ವನ ಹತ್ತಿರ ಮಾತ್ರ ಹಾವೇರಿ ಕಡೆಯ ಮಾತಾಡುತ್ತೇನೆ. ಅದರಲ್ಲೂ ತಮಿಳು ಎಷ್ಟು ಬೆರೆತಿದೆಯೆಂದರೆ ಊರಿನಿಂದ ಬಂದ ನೆಂಟರು ಮುಸುಮುಸು ನಗುತ್ತಾರೆ. ನಗಲಿ ಬಿಡಿ, ಅವರಿಗೆ ಬಸ್ ಹತ್ತಿಸಿ ಕಳಿಸಲು ಆ ತಮಿಳೇ ಬೇಕು.

ಆ ಗೋಡೆಯ ವಿಷಯ ಹೇಳಬೇಕು. ನನಗೆ ನೆನಪಿರುವಷ್ಟು ದಿನದಿಂದ ಅವ್ವ ದಿನಾ ಸಂಜೆ ಮಹಡಿ ಹತ್ತಿ, ವಿಭೂತಿ ನೆನೆಸಿ, ಮೂರು ಬೆರಳಿನಿಂದ ಆ ಗೋಡೆಗೆ ಪಟ್ಟೆ ಎಳೆಯುತ್ತಿದ್ದಳು. ಗೋಡೆಯ ತುಂಬ ಅಲ್ಲ. ಎದೆಯೆತ್ತರದಲ್ಲಿ, ಊಟದ ತಟ್ಟೆಯಷ್ಟು ಅಗಲಕ್ಕೆ ಗಾರೆಯ ಒಂದು ತೇಪೆ ಇದೆ, ಅಲ್ಲಿ. ಗುಡಿಗೇ ಹೋಗದೆ, ಕೊರಳ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವ ಮನೆತನ ನಮ್ಮದು. ನಮ್ಮಲ್ಲಿ ಗೋಡೆಗೆ ಪೂಜೆ ಎಂಬುದಿಲ್ಲ. ಯಾಕೆ ಎಂದು ಕೇಳಿದಾಗಲೆಲ್ಲ ಅವ್ವ "ನಿನಗ್ಯಾಕ?" ಎಂದು ಬಾಯಿ ಮುಚ್ಚಿಸಿದ್ದಳು. ನರ್ಸಮ್ಮ ಬಾಡಿಗೆಗೆ ಬಂದಾಗ ಅವ್ವ ಹಾಕಿದ ಷರತ್ತು ಒಂದೇ, ಆ ಗೋಡೆಗೆ ಮೊಳೆ ಹೊಡೆಯಕೂಡದು. ದಿನಾ ಸಂಜೆ ಆರಕ್ಕೆ ನರ್ಸಮ್ಮ ಬಾಗಿಲು ತೆರೆದಿಟ್ಟು, ಒಂದೊಂದೇ ಮೆಟ್ಟಿಲು ಹತ್ತಿ ಬರುವ ಅವ್ವನಿಗಾಗಿ ಕಾಯುತ್ತಿದ್ದಳು. ತನ್ನ ಧರ್ಮವಲ್ಲ ಎಂದು ಮುಖ ತಿರುಗಿಸಿದವಳಲ್ಲ.

ಭಾನುವಾರ ಬೆಳಿಗ್ಗೆ ಅವಳ ಕೋಣೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಆಸ್ಪತ್ರೆಯ ಆಯಾಗಳು, ಅಡುಗೆಯವರು, ಎಣ್ಣೂರಿನಿಂದ ರೈಲು ಹತ್ತಿ ಬರುವ ಅವಳ ಸಂಬಂಧಿಕರು, ಎಲ್ಲ ಸೇರಿ ಇಪ್ಪತ್ತರ ಹತ್ತಿರ ಜನ. ಮೊದಮೊದಲು ಗೊಣಗಿದೆ. ಆಮೇಲೆ ಅವರ ಹಾಡಿಗೆ ಕಿವಿ ಒಗ್ಗಿತು, ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂರುವುದೂ ಅಭ್ಯಾಸವಾಯಿತು. ಅಲ್ಲಿ ಕೂತಾಗಲೇ ನಾನು ಗಮನಿಸಿದ್ದು, ಅವರೆಲ್ಲ ಕಿಟಕಿಗೆ ಬೆನ್ನು ಹಾಕಿ ಆ ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಫ್ಯಾನು ಕಿಟಕಿಯ ಕಡೆಗಿದೆ, ಬೆಳಕೂ ಗಾಳಿಯೂ ಆ ಕಡೆಗಿವೆ. ಈ ಕಡೆ ಒಂದು ಶಿಲುಬೆಯೂ ಇಲ್ಲ, ಮೊಳೆ ಹೊಡೆಯುವ ಹಾಗಿಲ್ಲವಲ್ಲ. ಬೋಳು ಗೋಡೆ, ಅದರ ಮೇಲೆ ಅವ್ವನ ಮೂರು ಬಿಳಿ ಪಟ್ಟೆ.

"ಯಾಕೆ ಹೀಗೆ ಕೂರ್ತೀರಿ?" ಎಂದು ಕೇಳಿದೆ.

"ತೆರಿಯಲೆ ಮೇಡಂ," ಎಂದಳು, ಗೊತ್ತಿಲ್ಲ ಎಂದು. "ಮೊದಲನೇ ದಿನವೇ ಎಲ್ಲರೂ ತಾವಾಗಿಯೇ ಹೀಗೆ ಕೂತರು. ಯಾರೂ ಹೇಳಲಿಲ್ಲ."

ಇನ್ನೊಂದು ವಿಷಯವನ್ನೂ ಅವಳೇ ಹೇಳಿದಳು, ಹಾಲಿನಲ್ಲಿ ನೀರು ಜಾಸ್ತಿ ಎನ್ನುವಷ್ಟು ಸಲೀಸಾಗಿ. ಪ್ರಾರ್ಥನೆಯ ಕೊನೆಗೆ ಹಂಚುವ ರೊಟ್ಟಿಯನ್ನು ಅವಳು ತಲೆ ಎಣಿಸಿ ತುಂಡು ಮಾಡುತ್ತಾಳೆ. ಎಷ್ಟೇ ಎಣಿಸಿದರೂ ಕೊನೆಗೆ ಒಂದು ತುಂಡು ಕಡಿಮೆ ಬೀಳುತ್ತದೆ. ಕಡೆಗೆ ತನ್ನ ಪಾಲನ್ನೇ ಬಿಟ್ಟುಕೊಡುತ್ತಾಳೆ. ಲೆಕ್ಕ ಬರದವರ ಕೈಗೆ ಚಾಕು ಕೊಟ್ಟರೆ ಇನ್ನೇನಾಗುತ್ತದೆ ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಹೀಗಿರುವಾಗ ಬೀದಿಯವರಾರೋ ಅವಳನ್ನು ತಡೆದು ಕೆಣಕಿದರಂತೆ. ಗೋಪುರವಿಲ್ಲ, ಗಂಟೆಯಿಲ್ಲ, ಇದು ಚರ್ಚಾ ಮನೆಯಾ ಎಂದು. ಅವಳು ಸಪ್ಪೆ ಮುಖ ಮಾಡಿಕೊಂಡು ಬಂದು ನನ್ನನ್ನು ಕೇಳಿದಳು. "ಮೇಡಂ, ಎಲ್ಲಕ್ಕಿಂತ ಮೊದಲನೇ ಚರ್ಚ್ ಹೇಗಿತ್ತು? ನಮ್ಮ ಸೈದಾಪೇಟೆ ಬೆಟ್ಟದಲ್ಲಿ ಗುಹೆ ಇದೆಯಲ್ಲ, ನಮ್ಮ ಸ್ವಾಮಿಯ ಶಿಷ್ಯರು, ಅಪೊಸ್ತಲರು, ಪ್ರಾರ್ಥನೆ ಮಾಡಿದ್ದು, ಹಾಗಿತ್ತಾ?"

ನನಗೆ ಅಷ್ಟು ಸಾಕಾಯಿತು. ಗುಹೆಯ ವಿಷಯ ಜನರ ನಂಬಿಕೆ, ಅದನ್ನು ನಾನು ಮುಟ್ಟುವುದಿಲ್ಲ ಎಂದೆ. ಆದರೆ ಮೊದಲ ಎರಡು ಮೂರು ಶತಮಾನ ನಿಮ್ಮವರಿಗೆ ಬೇರೆಯಾಗಿ ಕಟ್ಟಡವೇ ಇರಲಿಲ್ಲಮ್ಮ, ಯಾರದೋ ಮನೆಯ ಊಟದ ಕೋಣೆಯೇ ಚರ್ಚು ಎಂದೆ. ಸಿರಿಯಾದ ಮರಳುಗಾಡಿನಲ್ಲಿ, ನದಿಯ ದಂಡೆಯ ಒಂದು ಕೋಟೆ ಊರಿನಲ್ಲಿ ಅಗೆದಾಗ ಅಂಥದೊಂದು ಮನೆ ಸಿಕ್ಕಿದೆ. ಹೊರಗಿನಿಂದ ನೋಡಿದರೆ ಬೀದಿಯ ಉಳಿದ ಮನೆಗಳ ಹಾಗೆಯೇ. ಒಳಗೆ ಮಾತ್ರ ಎರಡು ಕೋಣೆಗಳ ನಡುವಿನ ಗೋಡೆ ಕೆಡವಿ ಒಂದೇ ಹಜಾರ ಮಾಡಿದ್ದಾರೆ, ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನಕ್ಕೆ ತೊಟ್ಟಿ ಕಟ್ಟಿದ್ದಾರೆ. ತೊಟ್ಟಿಯ ಕೋಣೆಯ ಗೋಡೆಯ ಮೇಲೆ ಸಮಾಧಿಯಂತೆ ಕಾಣುವ ಒಂದು ದೊಡ್ಡ ಪೆಟ್ಟಿಗೆಯ ಕಡೆಗೆ ದೀಪ ಹಿಡಿದು ನಡೆಯುವ ಹೆಂಗಸರ ಚಿತ್ರ. ಶತ್ರುಗಳು ಮುತ್ತಿಗೆ ಹಾಕಿದಾಗ ಕೋಟೆ ಗಟ್ಟಿ ಮಾಡಲು ಆ ಸಾಲಿನ ಮನೆಗಳಿಗೆಲ್ಲ ಊರವರೇ ಮಣ್ಣು ತುಂಬಿದರು. ಹಾಗೆ ಹೂತುಹೋದ್ದರಿಂದಲೇ ಅದು ನಮ್ಮ ಕಾಲದವರೆಗೆ ಉಳಿಯಿತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಚರ್ಚಿನ ಎರಡನೆಯ ಬೇರು ಸ್ಮಶಾನದಲ್ಲಿದೆ ಎಂದು ಅದನ್ನೂ ಹೇಳಿದೆ. ರೋಮ್‌ನಲ್ಲಿ ನೆಲದಡಿಗೆ ಸುರಂಗ ತೋಡಿ, ಗೋಡೆಯಲ್ಲಿ ಗೂಡು ಕೊರೆದು ಹೆಣ ಇಡುತ್ತಿದ್ದರು, ಸತ್ತವರ ದಿನ ಬಂದರೆ ಗೋರಿಯ ಬಳಿ ಕೂತು ಊಟ ಮಾಡುತ್ತಿದ್ದರು. ಧರ್ಮಕ್ಕಾಗಿ ಸತ್ತವರ ಗೋರಿಯ ಮೇಲೆಯೇ ಕಡೆಗೆ ಚರ್ಚುಗಳೆದ್ದವು. "ನಮ್ಮಲ್ಲೂ ಸುಡುವುದಿಲ್ಲಮ್ಮ. ಗುಂಡಿಯೊಳಗೆ ಗೂಡು ಕೊರೆದು, ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು ಮಣ್ಣು ಮುಚ್ಚುತ್ತೇವೆ," ಎಂದೂ ಸೇರಿಸಿದೆ.

ನರ್ಸಮ್ಮ ಕಣ್ಣರಳಿಸಿ ಎಲ್ಲ ಕೇಳಿದಳು. ಅವಳ ಮನಸ್ಸಿನಲ್ಲಿ ಉಳಿದದ್ದು ಒಂದೇ.

"ಹಾಗಾದರೆ ನಾವೂ ಈ ಗೋಡೆ ತೆಗೆಯಬಹುದಾ ಮೇಡಂ? ಅರ್ಧ ಜನ ಆಚೆ ಕೋಣೆಯಲ್ಲಿ ಕೂತು ಬರೀ ಕೇಳಿಸಿಕೊಳ್ತಾರೆ, ಪಾವಂ," ಎಂದಳು, ಪಾಪ ಎಂದು.

ನನ್ನ ಪಾಠ ನನ್ನ ಕೊರಳಿಗೇ ಬಂತು. ಅವ್ವನನ್ನು ಕೇಳಿ ಹೇಳುತ್ತೇನೆ ಎಂದು ಕೆಳಗಿಳಿದೆ. ಅವ್ವ ರಂಪ ಮಾಡುತ್ತಾಳೆ, ಅಲ್ಲಿಗೆ ಮಾತು ಮುಗಿಯುತ್ತದೆ ಎಂದುಕೊಂಡಿದ್ದೆ. ಅವ್ವ ರಂಪ ಮಾಡಲಿಲ್ಲ. ಸೋಸುತ್ತಿದ್ದ ಸೊಪ್ಪನ್ನು ಬದಿಗಿಟ್ಟು ಬಹಳ ಹೊತ್ತು ಕೈ ಒರೆಸಿಕೊಂಡಳು.

"ನಿನಗಿಂತ ಮದ್ಲ ಒಂದು ಕೂಸು ಹುಟ್ಟಿತ್ತು," ಎಂದಳು.

ಐವತ್ತೊಂಬತ್ತು ವರ್ಷದಲ್ಲಿ ನಾನು ಮೊದಲ ಸಲ ಕೇಳಿದ ಮಾತು ಅದು. ಮೊದಲ ಕೂಸು ನಾನೇ, ಒಬ್ಬಳೇ ಮಗಳು ಎಂದೇ ನಂಬಿ ಬೆಳೆದವಳು ನಾನು. ನನಗೆ ಸಿಟ್ಟು ಬಂತು. ಆದರೆ ಅವ್ವ ನನ್ನ ಮುಖ ನೋಡಿ ಮಾತಾಡುತ್ತಿರಲಿಲ್ಲ.

"ಹೆಣ್ಣುಕೂಸು. ಮ್ಯಾಲಿನ ಕ್ವಾಣ್ಯಾಗ ಹುಟ್ಟಿತು. ಅಯ್ಯನೋರು ಬಂದು ಲಿಂಗ ಕಟ್ಟಿ ಹೋದ್ರು. ಎಳೀ ಕೊಳ್ಳಿಗೆ ಭಾರ ಆಗ್ತೈತಿ ಅಂತ ಕೂಸಿನ ಲಿಂಗ ತಾಯಿ ಕೊಳ್ಳಾಗ ಕಟ್ಟತಾರ ನಮ್ಮಲ್ಲೆ. ನನ್ನ ಲಿಂಗದ ಜೋಡಿ ಅದರದೂ ನನ್ನ ಕೊಳ್ಳಾಗ ಇತ್ತು. ಒಂಬತ್ತನೇ ದಿನ ಜ್ವರ ಬಂದು ಹೊತ್ತು ಮೂಡೂದ್ರಾಗ ಹೋತು. ನಿಮ್ಮಪ್ಪ ಧೋತರದಾಗ ಸುತ್ತಿಗೊಂಡು ಮಣ್ಣಿಗೆ ಒಯ್ದ್ರು. ನಾ ಅಳಕೋತ ಕುಂತೆ. ಆಮ್ಯಾಲೆ ಜಳಕಕ್ಕ ಕುಂತಾಗ ನೋಡಕೋತೀನಿ, ಕೊಳ್ಳಾಗ ಎರಡು ಲಿಂಗ."

ಸತ್ತವರ ಲಿಂಗ ಅವರೊಡನೆ ಮಣ್ಣಿಗೆ ಹೋಗಲೇಬೇಕು. ಅದಿಲ್ಲದೆ ಹೂತರೆ ದಾರಿಯೇ ತಪ್ಪಿತು ಎಂದು ನಮ್ಮವರ ನಂಬಿಕೆ. ಒಮ್ಮೆ ಮುಚ್ಚಿದ ಗುಂಡಿಯನ್ನು ತೆರೆಯುವುದೂ ನಿಷಿದ್ಧ. ಮರಳಿ ಬಂದ ಅಪ್ಪನ ಕೈಯಲ್ಲಿ ಅವ್ವ ಆ ಲಿಂಗ ಇಟ್ಟಳಂತೆ. ಅಪ್ಪ ಅದನ್ನು ಹಿಡಿದು ಮತ್ತೆ ಹೊರಟು, ಮಧ್ಯಾಹ್ನ ಕಳೆದ ಮೇಲೆ ಬಂದ.

"ಇಟ್ಟು ಬಂದೆ ಅಂದ್ರು. ಅಷ್ಟ. ಮರುದಿನ ನಮ್ಮಣ್ಣ ಬಂದು ಊರಿಗೆ ಕರಕೊಂಡು ಹೋದ. ಮೂರು ತಿಂಗಳು ಬಿಟ್ಟು ಬಂದು ನೋಡಿದ್ರ ಆ ಗ್ವಾಡಿಗೆ ಹೊಸಾ ಗಾರಿ. ತಟ್ಟೆಯಷ್ಟು. ನನಗ ತಿಳೀತು."

"ಏನು ತಿಳೀತು?"

"ಮುಚ್ಚಿದ ಗುಂಡಿ ತೆಗಿಯಾಕ ಅಂಜಿ ಲಿಂಗಾ ವಾಪಸ್ ತಂದಾರ. ಎಲ್ಲೂ ಇಡಾಕ ಧೈರ್ಯ ಸಾಲದ ಗ್ವಾಡಿಯೊಳಗ ಇಟ್ಟು ಮುಚ್ಚ್ಯಾರ. ನನಗ ಸುಳ್ಳ ಹೇಳ್ಯಾರ."

ಅವ್ವ ಅಪ್ಪನನ್ನು ಕೇಳಲಿಲ್ಲ. ಅವನು ಪೂಜೆಗೆ ಕೂತಾಗ ನೀರಿನ ತಂಬಿಗೆಯನ್ನು ಒಂದು ದಿನವೂ ಅವಳು ತಂದಿಟ್ಟದ್ದಿಲ್ಲ, ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ಅದು ಅವರಿಬ್ಬರ ರೀತಿ ಎಂದಷ್ಟೇ ನಾನು ತಿಳಿದಿದ್ದೆ. ಕೊನೆಯ ದಿನ ಅಪ್ಪ ನೀರಿಗೆ ಕೈ ಚಾಚಿದಾಗಲೂ ಅವಳು ಬಾಗಿಲಲ್ಲಿ ನಿಂತು ನನಗೆ ಕಣ್ಸನ್ನೆ ಮಾಡಿದ್ದಳು.

"ಒಡಸು," ಎಂದಳು ಅವ್ವ. "ಸೀಕ್ರ ಒಡಸು. ಆ ಲಿಂಗಾ ತಗದು ನನ್ನ ಕೈಯಾಗ ಕೊಡು. ನಾ ಸತ್ತಾಗ ನಂದು ಎಡಗೈಯಾಗ ಇಡು, ಅದನ್ನ ಬಲಗೈಯಾಗ ಇಡು. ಅದರ ಗುಂಡಿ ಎಲ್ಲೈತಿ ಅಂತ ಈಗ ಯಾರಿಗೂ ಗೊತ್ತಿಲ್ಲ. ನಾನ ಒಯ್ದು ಕೊಡತೀನಿ."

ಮೇಸ್ತ್ರಿ ಸಿಗಲು ಎರಡು ವಾರ ಹಿಡಿಯಿತು. ಆ ಎರಡು ವಾರ ನಾನು ಮಹಡಿಗೆ ಹೋಗಲು ಹೆದರಿದೆ ಎಂದರೆ ನನ್ನ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ. ಒಂದು ಮಧ್ಯಾಹ್ನ ನರ್ಸಮ್ಮ ಕೆಲಸಕ್ಕೆ ಹೋಗಿದ್ದಾಗ ಧೈರ್ಯ ಮಾಡಿ ಹತ್ತಿ, ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದೆ. ಎಲ್ಲ ಕಡೆ ಗಟ್ಟಿ ಸದ್ದು. ತೇಪೆಯ ಮೇಲೆ ತಟ್ಟಿದಾಗ ಮಾತ್ರ ಟೊಳ್ಳು. ಇನ್ನೊಮ್ಮೆ ತಟ್ಟಿದೆ. ಒಳಗಿನಿಂದ ಏನೋ ಸಣ್ಣಗೆ ಜಾರಿದ ಹಾಗೆ, ಹಿಡಿ ಮರಳು ಸುರಿದ ಹಾಗೆ ಕೇಳಿಸಿತು. ಹೊರಗೆ ಬಿಸಿಲು ಸುಡುತ್ತಿತ್ತು, ಬೀದಿಯಲ್ಲಿ ಹೂವಿನವನು ಕೂಗುತ್ತಿದ್ದ, ನಾನು ಗೋಡೆಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಬಾಗಿಲು ದಾಟಿದೆ.

ವಿಭೂತಿಯೂ ಒಣಗುತ್ತಿಲ್ಲ ಎಂದು ನರ್ಸಮ್ಮ ಹೇಳಿದಳು. ಸಂಜೆ ಅವ್ವ ಎಳೆದ ಪಟ್ಟೆ ಬೆಳಿಗ್ಗೆ ಅವಳು ಏಳುವಾಗಲೂ ಹಸಿಯಾಗಿರುತ್ತದಂತೆ. ತೇವಕ್ಕೆ ಕಾರಣ ಬೇಕಾದಷ್ಟಿವೆ. ಹಳೆಯ ಗೋಡೆ, ಸಮುದ್ರದ ಗಾಳಿ, ಎಲ್ಲೋ ಸೋರುವ ಕೊಳವೆ. ಇವನ್ನೆಲ್ಲ ನಾನು ಅವಳಿಗೆ ವಿವರಿಸಿದೆ. ಅವಳು ತಲೆಯಾಡಿಸಿದಳು. ಬೆರಳಿಟ್ಟು ನೋಡಲು ಮಾತ್ರ ನಾನು ಹೋಗಲಿಲ್ಲ.

ಆ ಭಾನುವಾರ ರೊಟ್ಟಿಯ ಲೆಕ್ಕ ನಾನೇ ನೋಡುತ್ತೇನೆ ಎಂದೆ. ಹಠ ನನ್ನದು. ಬಾಗಿಲಲ್ಲಿ ನಿಂತು ಎರಡೂ ಕೋಣೆಯ ತಲೆ ಎಣಿಸಿದೆ, ನರ್ಸಮ್ಮನೂ ಸೇರಿ ಹತ್ತೊಂಬತ್ತು. ಮತ್ತೊಮ್ಮೆ ಎಣಿಸಿದೆ, ಹತ್ತೊಂಬತ್ತು. ನನ್ನ ಕಣ್ಣೆದುರೇ ನರ್ಸಮ್ಮ ಹತ್ತೊಂಬತ್ತು ತುಂಡು ಮಾಡಿ ತಟ್ಟೆಯಲ್ಲಿಟ್ಟಳು. ಎಲ್ಲರೂ ಕಣ್ಣು ಮುಚ್ಚಿದ್ದರು, ನಾನು ಮುಚ್ಚಲಿಲ್ಲ. ತಟ್ಟೆ ಕೈಯಿಂದ ಕೈಗೆ ಹೋಗಿ ತಿರುಗಿ ಅವಳ ಬಳಿಗೆ ಬಂದಾಗ ಬರಿದಾಗಿತ್ತು. ಅವಳ ಪಾಲು ಇರಲಿಲ್ಲ. ಯಾರೂ ಎರಡು ತೆಗೆದುಕೊಂಡದ್ದನ್ನು ನಾನು ನೋಡಿಲ್ಲ.

"ನಿನಗೆ ಹೆದರಿಕೆ ಇಲ್ವೇನಮ್ಮ?" ಎಂದು ಆಮೇಲೆ ಕೇಳಿದೆ.

"ಏನು ಹೆದರಿಕೆ ಮೇಡಂ? ಒಬ್ಬರು ಜಾಸ್ತಿ ಬರ್ತಾರೆ, ಅಷ್ಟೇ. ಹಸಿದವರಿಗೆ ಇಲ್ಲ ಅನ್ನಬಾರದು," ಎಂದು ತಟ್ಟೆ ತೊಳೆಯಲು ಹೋದಳು. ಅವ್ವನಿಗೆ ನಾನು ಇದನ್ನು ಹೇಳಲಿಲ್ಲ.

ಒಡೆಯುವ ದಿನ ಅವ್ವ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಧರಿಸಿ, ಮಹಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ತನ್ನ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡಿದ್ದಳು. ಬಲಗೈ ಖಾಲಿ, ತೊಡೆಯ ಮೇಲೆ ಅಂಗಾತ ಇತ್ತು. ನರ್ಸಮ್ಮ ರಜೆ ಹಾಕಿ ಅವಳ ಪಕ್ಕದಲ್ಲಿ ನಿಂತಿದ್ದಳು. ಮೊದಲು ತೇಪೆ, ಆಮೇಲೆ ಉಳಿದ ಗೋಡೆ ಎಂದು ಮೇಸ್ತ್ರಿಗೆ ಹೇಳಿದೆ. ಮೆಲ್ಲಗೆ, ಒಳಗಿರುವುದಕ್ಕೆ ಪೆಟ್ಟು ಬೀಳಬಾರದು ಎಂದೂ ಹೇಳಿದೆ. ಅವನು ಅಂಚಿಗೆ ಉಳಿ ಇಟ್ಟು ಎರಡು ಸಲ ತಟ್ಟಿದ. ತೇಪೆ ಒಡೆಯಲಿಲ್ಲ, ಹಪ್ಪಳದ ಹಾಗೆ ಇಡಿಯಾಗಿ ಎದ್ದು ಬಂದು ಅವನ ಅಂಗೈಗೆ ಬಿತ್ತು. ಹಳೆಯ ಸುಣ್ಣದ ಮೇಲೆ ಹೊಸ ಗಾರೆ ಎಂದೂ ಕಚ್ಚಿಕೊಂಡಿರಲಿಲ್ಲ. ಟೊಳ್ಳು ಸದ್ದಿಗೆ ಕಾರಣ ಅದು.

"ತೂತು ಐತೇನು?" ಎಂದಳು ಅವ್ವ. ಅವಳ ಕಣ್ಣಿಗೆ ಪೊರೆ, ಅಷ್ಟು ದೂರ ಕಾಣಿಸುವುದಿಲ್ಲ.

ತೂತು ಇರಲಿಲ್ಲ. ಗೂಡೂ ಇರಲಿಲ್ಲ. ಹಿಂದೆ ನಯವಾದ ಹಳೆಯ ಸುಣ್ಣದ ಗೋಡೆ, ಅದರ ಮೇಲೆ ಮೊಳೆಯಿಂದ ಗೀರಿದ ಅಕ್ಷರಗಳು. ಏನೋ ಬರೆದಿದೆ ಎನ್ನುತ್ತ ಮೇಸ್ತ್ರಿ ಕೈಯಲ್ಲಿದ್ದ ಗಾರೆಯ ಬಿಲ್ಲೆ ತಿರುಗಿಸಿ ನೋಡಿದ. ಅದರ ಬೆನ್ನಿಗೂ ಅವೇ ಅಕ್ಷರ ಉಬ್ಬಿ ಮೂಡಿದ್ದವು, ತಿರುಗುಮುರುಗಾಗಿ. ಗೋಡೆಯ ಮೇಲಿನದನ್ನು ನಾನು ಓದಿದೆ. ಅಪ್ಪನ ಕೈಬರಹ. ನನ್ನ ಹೆಸರು.

ಹೆಸರಿನ ಕೆಳಗೆ ಹುಟ್ಟಿದ ವಾರ, ಹೊತ್ತು. ಗುರುವಾರ, ಬೆಳಗಿನ ಜಾವ. ನಾನು ಹುಟ್ಟಿದ್ದು ಸೋಮವಾರ ಮಧ್ಯಾಹ್ನ. ಒಂದು ಗಳಿಗೆ ನಾನು ಯಾರ ಮನೆಯಲ್ಲಿ ನಿಂತಿದ್ದೇನೆ ಎಂಬುದೇ ತಿಳಿಯದೆ ಹೋಯಿತು.

"ತೂತು ಐತೇನು ಅಂತ ಕೇಳಿದೆ."

"ಇಲ್ಲವ್ವ."

ಅವ್ವ ನಂಬಲಿಲ್ಲ. ಆಚೆ ಕೋಣೆಯಿಂದ ಇಟ್ಟಿಗೆ ಬಿಚ್ಚಿ ನೋಡು ಎಂದು ಮೇಸ್ತ್ರಿಗೆ ತಮಿಳಿನಲ್ಲಿ ಗದರಿದಳು. ಅವನು ಆ ಕಡೆಗೆ ಹೋಗಿ ಒಂದೊಂದೇ ಇಟ್ಟಿಗೆ ತೆಗೆದ. ತೆಗೆದ ಪ್ರತಿ ಇಟ್ಟಿಗೆಯನ್ನೂ ನರ್ಸಮ್ಮ ತಂದು ಅವ್ವನ ಕೈಗೆ ಕೊಟ್ಟಳು, ಅವ್ವ ಬಲಗೈಯಿಂದ ಸವರಿ ನೋಡಿ ಕೆಳಗಿಟ್ಟಳು. ಹೀಗೆ ಒಂದು ಗಂಟೆ ನಡೆಯಿತು. ಈ ಕಡೆ ಸುಣ್ಣದ ಪದರ ಹೊತ್ತ ಒಂದು ಸಾಲು ಇಟ್ಟಿಗೆ ಮಾತ್ರ ಉಳಿದು, ಹಿಂದೆ ಏನೂ ಇಲ್ಲ ಎಂಬುದು ಖಚಿತವಾಯಿತು.

ಆಗ ನನಗೆ ಅಪ್ಪ ನೆನಪಾದ. ನಾನು ಏಳನೆಯ ತರಗತಿಯಲ್ಲಿರಬೇಕು. ಒಂದು ಸಂಜೆ ಅವ್ವ ಈ ಗೋಡೆಗೆ ವಿಭೂತಿ ಎಳೆಯುತ್ತಿದ್ದಾಗ ಅಪ್ಪ ಏನನ್ನೋ ಹುಡುಕುತ್ತ ಮೇಲೆ ಬಂದವನು, ಅವಳನ್ನು ಕಂಡು ಹೊಸಿಲಲ್ಲೇ ನಿಂತ. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಅವ್ವ ತಿರುಗುವುದರೊಳಗೆ ಸದ್ದಿಲ್ಲದೆ ಇಳಿದುಹೋದ. ಗಾರೆಯ ಹಿಂದೆ ಹೆಸರಿರುವುದು ಇವಳಿಗೆ ಹೇಗೋ ಗೊತ್ತಾಗಿದೆ, ಅದಕ್ಕೇ ಪೂಜಿಸುತ್ತಿದ್ದಾಳೆ ಎಂದು ಅವನು ತಿಳಿದಿರಬೇಕು. ಅವ್ವ ಊರಿಗೆ ಹೋಗಿದ್ದಾಗ ಗೀರಿ, ಬಾಣಂತಿಯ ಕಣ್ಣಿಗೆ ಬೀಳದಿರಲಿ ಎಂದು ಮುಚ್ಚಿದ ಹೆಸರು ಅದು. ಮೂರು ವರ್ಷದ ಮೇಲೆ ಹುಟ್ಟಿದ ನನಗೆ ಅಜ್ಜಿಯ ಹೆಸರಿಡಬೇಕು ಎಂದು ಮನೆಯವರೆಲ್ಲ ಹೇಳಿದರೂ ಕೇಳದೆ, ಹಠ ಹಿಡಿದು ಈ ಹೆಸರೇ ಇಟ್ಟವನು ಅವನು. ಆ ಹಠದ ಕತೆಯನ್ನು ನಾನು ಹೆಮ್ಮೆಯಿಂದ ಎಷ್ಟೋ ಜನರಿಗೆ ಹೇಳಿದ್ದೇನೆ.

"ಏನ ಬರದೈತಿ ಅಲ್ಲೆ?" ಎಂದಳು ಅವ್ವ.

ನಾನು ಪಕ್ಕಕ್ಕೆ ನೋಡಿದೆ. ನರ್ಸಮ್ಮನಿಗೆ ಕನ್ನಡ ಓದಲು ಬಾರದು. ಅವ್ವ ಕುರ್ಚಿಯ ಕೈ ಊರಿ ಎದ್ದು, ನಮ್ಮಿಬ್ಬರ ಕೈಯನ್ನೂ ತಳ್ಳಿ, ಗೋಡೆಯ ಬಳಿಗೆ ಹೋದಳು. ಮುಖವನ್ನು ಗೋಡೆಗೆ ತಾಗುವಷ್ಟು ಹತ್ತಿರ ತಂದು, ತೋರುಬೆರಳನ್ನು ಗೀರಿನೊಳಗಿಟ್ಟು ಒಂದೊಂದೇ ಅಕ್ಷರ ಓದಿದಳು. ಕೊನೆಯ ಅಕ್ಷರ ಮುಗಿದ ಮೇಲೆ ಬೆರಳನ್ನು ಮತ್ತೆ ಮೊದಲಿಗೆ ತಂದಳು. ಹನ್ನೆರಡನೆಯ ದಿನ ಸೋದರತ್ತೆ ಕಿವಿಯಲ್ಲಿ ಹೇಳುವ ತನಕ ನಮ್ಮಲ್ಲಿ ಕೂಸಿನ ಹೆಸರನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಒಂಬತ್ತು ದಿನ ಬದುಕಿದ ಮಗಳ ಹೆಸರು ಅವ್ವನಿಗೆ ಗೊತ್ತೇ ಇರಲಿಲ್ಲ.

"ಇಟ್ಟು ಬಂದೆ ಅಂದಿದ್ರು," ಎಂದಳು. "ಖರೇನ ಇಟ್ಟು ಬಂದಿದ್ರು. ನಾ ಎರಡನೇ ಸಲ ಕೇಳಲಿಲ್ಲ."

ನನಗೆ ಅಳು ಬಂತು. ಅವ್ವ ಅಳಲಿಲ್ಲ. ಕೆನ್ನೆಯನ್ನು ಸುಣ್ಣಕ್ಕೆ ಒತ್ತಿ, ಬಾಯಿಗೆ ಕೈ ಮರೆ ಮಾಡಿಕೊಂಡು, ಗೋಡೆಯೊಳಗೆ ಆ ಹೆಸರನ್ನು ಕರೆದಳು. ನನ್ನನ್ನು ಒಂದು ದಿನವೂ ಅಷ್ಟು ಮೆಲ್ಲಗೆ ಕರೆದವಳಲ್ಲ. ಮತ್ತೊಮ್ಮೆ ಕರೆದಳು. ನಾನು ಅವಳ ಬೆನ್ನ ಹಿಂದೆಯೇ ನಿಂತಿದ್ದೆ. ಐವತ್ತೊಂಬತ್ತು ವರ್ಷದ ರೂಢಿಯಂತೆ "ಏನವ್ವಾ" ಎನ್ನಲು ಬಾಯಿ ತೆರೆದವಳು, ಹಾಗೇ ಮುಚ್ಚಿಕೊಂಡೆ. ಅವ್ವ ಕಿವಿಯನ್ನು ಗೋಡೆಗಿಟ್ಟು ಕಾಯುತ್ತಿದ್ದಳು.